ಕರಗಿದ್ದನ್ನು ಹೊರತೆಗೆಯುವ ಬಗೆ: ಕೊಳವೆಬಾವಿ ನೀರಿನ ವಾಯು, ಕಬ್ಬಿಣ ಮತ್ತು ಫ್ಲೋರೈಡ್

(ಗ್ರಾಮ ಪಂಚಾಯಿತಿಯ ಮಾನ್ಯ ಅಧ್ಯಕ್ಷರು, ಉಪಾಧ್ಯಕ್ಷರು ಹಾಗೂ ಸದಸ್ಯರ ಅಧ್ಯಯನಕ್ಕಾಗಿ)

ಬೇಸಿಗೆಯ ಗ್ರಾಮಸಭೆಗಳಲ್ಲಿ ಪದೇ ಪದೇ ಕೇಳಿಬರುವ ಒಂದು ದೂರಿನಿಂದ ಈ ಪಾಠವನ್ನು ಆರಂಭಿಸುತ್ತೇನೆ. ನಲ್ಲಿಯಿಂದ ಹಿಡಿದ ನೀರು ಹಾಲಿನಂತೆ ಬೆಳ್ಳಗಿದೆ, ನೀರುಗಂಟಿ ಬ್ಲೀಚಿಂಗ್ ಪುಡಿಯನ್ನು ಮಿತಿಮೀರಿ ಸುರಿದಿದ್ದಾನೆ, ಮಕ್ಕಳಿಗೆ ಕುಡಿಸುವುದು ಹೇಗೆ ಎಂಬುದು ಆ ದೂರು. ಚೊಂಬಿನಲ್ಲಿ ತಂದು ಸಭೆಯ ಮೇಜಿನ ಮೇಲೆ ಇಡುವವರೂ ಉಂಟು. ಅಂತಹ ಸಂದರ್ಭದಲ್ಲಿ ತಾವು ಮಾಡಬೇಕಾದ ಪರೀಕ್ಷೆಗೆ ಒಂದು ಗಾಜಿನ ಲೋಟ ಸಾಕು. ನೀರನ್ನು ಲೋಟಕ್ಕೆ ಸುರಿದು ಎರಡು ನಿಮಿಷ ಅಲುಗಿಸದೆ ಇಡಬೇಕು. ಬಿಳುಪು ತಳದಿಂದ ಮೇಲಕ್ಕೆ ತಿಳಿಯಾಗುತ್ತಾ ಬಂದರೆ ಅದು ಗಾಳಿ. ಸೂಕ್ಷ್ಮ ಗುಳ್ಳೆಗಳು ಮೇಲೇರಿ ಹೊರಟುಹೋಗುತ್ತವೆ. ಬದಲಾಗಿ ಮೇಲಿನಿಂದ ಕೆಳಕ್ಕೆ ತಿಳಿಯಾಗಿ, ತಳದಲ್ಲಿ ಪುಡಿಯಂತಹ ಗಸಿ ನಿಂತರೆ ಅದು ಮಣ್ಣು, ಸುಣ್ಣ ಅಥವಾ ಕರಗದೆ ಉಳಿದ ಬ್ಲೀಚಿಂಗ್ ಪುಡಿ. ಮೊದಲನೆಯದರಿಂದ ಆರೋಗ್ಯಕ್ಕೆ ಯಾವ ಹಾನಿಯೂ ಇಲ್ಲ. ಎರಡನೆಯದಾದರೆ ತೊಟ್ಟಿಯನ್ನು ಪರಿಶೀಲಿಸಬೇಕು.

ಗಾಳಿ ನೀರಿನೊಳಗೆ ಸೇರುವುದು ಹೇಗೆ? ಗೋಲಿ ಸೋಡಾ ಕುಡಿದವರಿಗೆಲ್ಲ ಇದರ ಉತ್ತರ ಗೊತ್ತಿದೆ. ಗೋಲಿಯನ್ನು ಒತ್ತುವವರೆಗೆ ಸೀಸೆಯೊಳಗಿನ ನೀರು ತಿಳಿಯಾಗಿರುತ್ತದೆ. ಒತ್ತಿದ ಕ್ಷಣ ಒತ್ತಡ ಇಳಿದು ಒಳಗಿದ್ದ ಅನಿಲ ಬುಸುಗುಟ್ಟುತ್ತಾ ಹೊರಬರುತ್ತದೆ. ದ್ರವದ ಮೇಲೆ ಒಂದು ಅನಿಲದ ಒತ್ತಡ ಹೆಚ್ಚಿದಷ್ಟೂ ಆ ಅನಿಲ ದ್ರವದಲ್ಲಿ ಹೆಚ್ಚು ಕರಗುತ್ತದೆ, ಒತ್ತಡ ಇಳಿದರೆ ಹೊರಬರುತ್ತದೆ ಎಂಬ ನಿಯಮವನ್ನು ವಿಲಿಯಂ ಹೆನ್ರಿ ಎಂಬ ಇಂಗ್ಲೆಂಡಿನ ವಿಜ್ಞಾನಿ 1803ರಲ್ಲಿ ನಿರೂಪಿಸಿದರು. ನೂರಾರು ಅಡಿ ಆಳದ ಕೊಳವೆಬಾವಿಯಲ್ಲಿ ನೀರು ಭಾರಿ ಒತ್ತಡದಲ್ಲಿರುತ್ತದೆ. ನಲ್ಲಿಯ ಬಾಯಿಗೆ ಬಂದಾಗ ಆ ಒತ್ತಡ ಕಳಚಿ, ಕರಗಿದ್ದ ಗಾಳಿ ಗುಳ್ಳೆಯಾಗುತ್ತದೆ. ಇಲ್ಲಿ ಒಂದು ಎಚ್ಚರಿಕೆಯ ಮಾತನ್ನೂ ಸೇರಿಸಬೇಕು. ಇಷ್ಟು ವರ್ಷ ತಿಳಿಯಾಗಿದ್ದ ನೀರು ಈ ಬೇಸಿಗೆಯಲ್ಲಿ ಹಠಾತ್ತನೆ ಬೆಳ್ಳಗೆ ಬರಲಾರಂಭಿಸಿದರೆ, ಅಂತರ್ಜಲದ ಮಟ್ಟ ಪಂಪಿನ ಹತ್ತಿರಕ್ಕೆ ಇಳಿದು, ಪಂಪು ನೀರಿನೊಂದಿಗೆ ಗಾಳಿಯನ್ನೂ ಎಳೆಯುತ್ತಿರುವ ಸಾಧ್ಯತೆ ಇದೆ. ನೀರು ಕೆಟ್ಟಿಲ್ಲ, ಆದರೆ ಬಾವಿ ಬತ್ತುತ್ತಿರಬಹುದು. ಆ ದೂರನ್ನು ನಗುತ್ತಾ ತಳ್ಳಿಹಾಕದೆ ನೀರಿನ ಮಟ್ಟವನ್ನು ಅಳೆಯಿಸುವುದು ಒಳ್ಳೆಯದು.

ಸೋಸುವುದರ ಮಿತಿ

ನೀರಿನಲ್ಲಿರುವ ಬೇಡದ ವಸ್ತುಗಳು ಮೂರು ಬಗೆಯವು. ತೇಲುವ ಮಣ್ಣು, ಕಸ, ಪಾಚಿ ಒಂದು ಬಗೆ. ಇವನ್ನು ಬಟ್ಟೆ, ಮರಳು ಅಥವಾ ಶೋಧಕ ತಡೆಯುತ್ತದೆ. ಕರಗಿದ ಲವಣಗಳು ಎರಡನೆಯ ಬಗೆ: ಕ್ಯಾಲ್ಸಿಯಂ, ಫ್ಲೋರೈಡ್, ನೈಟ್ರೇಟ್, ಕಬ್ಬಿಣ ಮುಂತಾದವು. ಕರಗಿದ ಅನಿಲಗಳು ಮೂರನೆಯ ಬಗೆ: ಇಂಗಾಲದ ಡೈಆಕ್ಸೈಡ್, ಹೈಡ್ರೋಜನ್ ಸಲ್ಫೈಡ್ ಮುಂತಾದವು. ಸಾರಿಗೆ ಉಪ್ಪು ಹೆಚ್ಚಾದಾಗ ಅದನ್ನು ಬಟ್ಟೆಯಲ್ಲಿ ಸೋಸಿ ಸರಿಪಡಿಸಲು ಯಾರೂ ಹೋಗುವುದಿಲ್ಲ. ಆದರೆ ಪಂಚಾಯಿತಿ ಸಭೆಗಳಲ್ಲಿ ಮಾತ್ರ ‘ನೀರು ಸರಿಯಿಲ್ಲ, ಫಿಲ್ಟರ್ ಹಾಕಿಸಿ’ ಎಂಬ ಒಂದೇ ವಾಕ್ಯ ಈ ಮೂರಕ್ಕೂ ಪರಿಹಾರವಾಗಿ ನಡಾವಳಿ ಪುಸ್ತಕಕ್ಕೆ ಏರುತ್ತದೆ. ಲಕ್ಷಗಟ್ಟಲೆ ಹಣ ಕೈತಪ್ಪುವುದು ಈ ಒಂದು ವಾಕ್ಯದಲ್ಲಿಯೇ.

ಕರಗಿದ ಅನಿಲವನ್ನು ಓಡಿಸಬೇಕು. ಕರಗಿದ ಕಬ್ಬಿಣವನ್ನು ಮೊದಲು ಕರಗದ ರೂಪಕ್ಕೆ ತಂದು ನಂತರ ಸೋಸಬೇಕು. ಕರಗಿದ ಫ್ಲೋರೈಡನ್ನು ಓಡಿಸಲೂ ಆಗದು, ಗಾಳಿಯಿಂದ ಗಸಿಯಾಗಿಸಲೂ ಆಗದು. ಅದನ್ನು ಹಿಡಿದಿಡುವ ವಸ್ತುವೋ ತಡೆಯುವ ಪೊರೆಯೋ ಬೇಕು, ಇಲ್ಲವೇ ಬೇರೆ ನೀರಿನ ಮೂಲ ಬೇಕು. ಈ ಭೇದವನ್ನು ಅರಿಯದೆ ಮಂಜೂರಾದ ಒಂದು ಘಟಕದ ಕಥೆಯನ್ನು ಹೇಳಬೇಕಾಗಿದೆ. ಅದರ ಟಿಪ್ಪಣಿಗೆ ಸಹಿ ಮಾಡಿದವನು ನಾನೇ.

ಮೊಟ್ಟೆಯ ವಾಸನೆಯ ಊರು

ನಾನು ಈ ಹಿಂದೆ ಸೇವೆ ಸಲ್ಲಿಸಿದ ಪಂಚಾಯಿತಿಯೊಂದರ ಗ್ರಾಮದಲ್ಲಿ ಹೊಸ ಕೊಳವೆಬಾವಿಯ ನೀರಿಗೆ ಕೊಳೆತ ಮೊಟ್ಟೆಯ ವಾಸನೆ ಇತ್ತು. ಹಿಡಿದಾಗ ತಿಳಿಯಾಗಿದ್ದ ನೀರು ಕೊಡದಲ್ಲಿ ಒಂದು ಗಂಟೆ ನಿಂತರೆ ಕೆಂಪಾಗುತ್ತಿತ್ತು. ಬಿಳಿ ಬಟ್ಟೆಗೆ ಕಲೆ, ಅನ್ನಕ್ಕೆ ಬಣ್ಣ, ಚಹಾ ಕಪ್ಪು. ಸದಸ್ಯರೆಲ್ಲರೂ ಒಕ್ಕೊರಲಿನಿಂದ ಶುದ್ಧ ಕುಡಿಯುವ ನೀರಿನ ಘಟಕ ಬೇಕೆಂದರು. ಆರ್‌ಒ ಯಂತ್ರ ಸ್ಥಾಪನೆಯಾಯಿತು, ಉದ್ಘಾಟನೆಯೂ ಆಯಿತು. ಕೆಂಪು ಬಣ್ಣವೇನೋ ಹೋಯಿತು; ವಾಸನೆ ಹೋಗಲಿಲ್ಲ. ಕೆಲವೇ ತಿಂಗಳಲ್ಲಿ ಯಂತ್ರದಿಂದ ಬರುವ ನೀರು ಕ್ಷೀಣಿಸುತ್ತಾ ಬಂದು, ವರ್ಷ ತುಂಬುವ ಮೊದಲೇ ಘಟಕದ ಬಾಗಿಲು ಮುಚ್ಚಿತು. ಹೆಂಗಸರು ಊರ ಹೊರಗಿನ ಹಳೆಯ ತೆರೆದ ಬಾವಿಗೆ ಮರಳಿದರು. ಆ ಮಳೆಗಾಲದಲ್ಲಿ ಅದೇ ಬಾವಿಯ ನೀರು ಕುಡಿದ ಮನೆಗಳಲ್ಲಿ ವಾಂತಿಭೇದಿ ಕಾಣಿಸಿಕೊಂಡಿತು.

ಕಾರಣ ಸರಳವಾಗಿತ್ತು. ಆರ್‌ಒ ಪೊರೆಯು ಲವಣಗಳನ್ನು ತಡೆಯುತ್ತದೆ, ಕರಗಿದ ಅನಿಲಗಳನ್ನು ತಡೆಯುವುದಿಲ್ಲ. ಹೈಡ್ರೋಜನ್ ಸಲ್ಫೈಡ್ ಆಗಲಿ ಇಂಗಾಲದ ಡೈಆಕ್ಸೈಡ್ ಆಗಲಿ ನೀರಿನೊಂದಿಗೆ ಪೊರೆಯನ್ನು ಸಲೀಸಾಗಿ ದಾಟಿಹೋಗುತ್ತವೆ. ಕಬ್ಬಿಣವನ್ನು ಪೊರೆ ತಡೆಯುತ್ತದೆ, ನಿಜ. ಆದರೆ ತಡೆದ ಕಬ್ಬಿಣ ತುಕ್ಕಾಗಿ ಪೊರೆಯ ಮೇಲೆಯೇ ಕಟ್ಟಿಕೊಂಡು ಅದರ ರಂಧ್ರಗಳನ್ನು ಮುಚ್ಚುತ್ತದೆ. ಹೀಗೆ ಆ ಯಂತ್ರ ಒಂದು ದೋಷವನ್ನು ಮುಟ್ಟಲೇ ಇಲ್ಲ, ಇನ್ನೊಂದು ದೋಷಕ್ಕೆ ತಾನೇ ಬಲಿಯಾಯಿತು. ಕಡತವನ್ನು ಮತ್ತೊಮ್ಮೆ ತೆರೆದು ನೋಡಿದಾಗ ಅಂದಾಜು ಪಟ್ಟಿ, ದರಪಟ್ಟಿ, ನಡಾವಳಿ ಪ್ರತಿ ಎಲ್ಲವೂ ಕ್ರಮವಾಗಿದ್ದವು. ಕಚ್ಚಾ ನೀರಿನ ಪರೀಕ್ಷಾ ವರದಿ ಮಾತ್ರ ಇರಲಿಲ್ಲ. ಅದನ್ನು ಕೇಳಬೇಕಾದವನು ನಾನು. ಇಂಜಿನಿಯರಿಂಗ್ ಓದಿದವನಾಗಿಯೂ ಕೇಳಿರಲಿಲ್ಲ.

ಪರಿಹಾರವನ್ನು ಸೂಚಿಸಿದವನು ಆ ಊರಿನ ನೀರುಗಂಟಿ. ‘ಸ್ವಾಮಿ, ರಾತ್ರಿ ತೊಟ್ಟಿ ತುಂಬಿಸಿ ಮುಚ್ಚಳ ತೆಗೆದಿಟ್ಟರೆ ಬೆಳಿಗ್ಗೆಗೆ ವಾಸನೆ ಇರೋದಿಲ್ಲ. ಮೇಲಿನ ನೀರು ತಿಳಿಯಾಗಿರ್ತದೆ, ಕೆಂಪೆಲ್ಲ ತಳದಲ್ಲಿ ಕೂತಿರ್ತದೆ’ ಎಂದು ಆತ ಹೇಳಿದಾಗ, ನಾನು ಪಠ್ಯಪುಸ್ತಕದಲ್ಲಿ ಓದಿ ಮರೆತಿದ್ದ ಅಧ್ಯಾಯವನ್ನೇ ಆತ ತೊಟ್ಟಿಯ ಬಳಿ ನಿಂತು ಒಪ್ಪಿಸಿದಂತಿತ್ತು. ವಾಸನೆ ಗಾಳಿಗೆ ಹೋಗಿತ್ತು. ಗಾಳಿಯ ಆಮ್ಲಜನಕ ನೀರಿಗೆ ಬಂದು ಕಬ್ಬಿಣವನ್ನು ಗಸಿಯಾಗಿಸಿತ್ತು.

ಗಾಳಿಯ ಕೆಲಸ

ಇದನ್ನು ತುಸು ವಿವರವಾಗಿ ತಿಳಿಯುವುದು ಅಗತ್ಯ, ಏಕೆಂದರೆ ಇಲ್ಲಿ ಖರ್ಚು ಕಡಿಮೆ, ತಿಳಿವಳಿಕೆ ಹೆಚ್ಚು ಬೇಕು. ನೆಲದಾಳದ ನೀರಿಗೆ ಗಾಳಿಯ ಸಂಪರ್ಕ ಇರುವುದಿಲ್ಲವಾದ್ದರಿಂದ ಅಲ್ಲಿ ಆಮ್ಲಜನಕ ಅತ್ಯಲ್ಪ. ಆಮ್ಲಜನಕವಿಲ್ಲದ ಕಡೆ ಬಂಡೆಯ ಕಬ್ಬಿಣ ನೀರಿನಲ್ಲಿ ಕರಗುವ ರೂಪದಲ್ಲಿಯೇ ಉಳಿಯುತ್ತದೆ. ಗಂಧಕದ ಲವಣಗಳನ್ನು ಸೂಕ್ಷ್ಮಜೀವಿಗಳು ಹೈಡ್ರೋಜನ್ ಸಲ್ಫೈಡ್ ಅನಿಲವಾಗಿ ಮಾರ್ಪಡಿಸುತ್ತವೆ. ಮಣ್ಣಿನಿಂದ ಇಳಿದ ಇಂಗಾಲದ ಡೈಆಕ್ಸೈಡ್ ಹೊರಹೋಗಲು ದಾರಿಯಿಲ್ಲದೆ ಕರಗಿ ನಿಲ್ಲುತ್ತದೆ. ಇಂತಹ ನೀರನ್ನು ತೆಳುವಾದ ಪದರವಾಗಿ ಇಲ್ಲವೇ ಹನಿಹನಿಯಾಗಿ ಗಾಳಿಯಲ್ಲಿ ಬೀಳಿಸಿದರೆ ಒಂದೇ ಕಾಲಕ್ಕೆ ಮೂರು ಕೆಲಸಗಳು ನಡೆಯುತ್ತವೆ. ಹೈಡ್ರೋಜನ್ ಸಲ್ಫೈಡ್ ಹೊರಹೋಗುತ್ತದೆ. ಇಂಗಾಲದ ಡೈಆಕ್ಸೈಡ್ ಹೊರಹೋಗಿ ನೀರಿನ ಹುಳಿಗುಣ ತಗ್ಗುತ್ತದೆ, ಅಂದರೆ ಪಿಎಚ್ ಏರುತ್ತದೆ. ಆಮ್ಲಜನಕ ಒಳಸೇರುತ್ತದೆ. ಹೆನ್ರಿಯ ನಿಯಮವೇ ಇಲ್ಲಿಯೂ: ಗಾಳಿಯಲ್ಲಿ ಯಾವ ಅನಿಲ ಹೆಚ್ಚಿದೆಯೋ ಅದು ನೀರಿಗೆ ಬರುತ್ತದೆ, ಯಾವುದು ಇಲ್ಲವೋ ಅದು ನೀರಿನಿಂದ ಹೊರಡುತ್ತದೆ.

ಸಕ್ಕರೆ ಕಾರ್ಖಾನೆಗಳ ಬಾಯ್ಲರಿನಲ್ಲಿ ಇದೇ ನಿಯಮವನ್ನು ತದ್ವಿರುದ್ಧವಾಗಿ ಬಳಸುತ್ತಾರೆ. ಅಲ್ಲಿ ಆಮ್ಲಜನಕವೇ ಶತ್ರು, ಏಕೆಂದರೆ ಬಿಸಿನೀರಿನಲ್ಲಿರುವ ಆಮ್ಲಜನಕ ಕೊಳವೆಗಳನ್ನು ತಿಂದುಹಾಕುತ್ತದೆ. ಆದ್ದರಿಂದ ನೀರನ್ನು ಹಬೆಯಿಂದ ಕುದಿಯುವ ಮಟ್ಟಕ್ಕೆ ಕಾಯಿಸಿ, ಕರಗಿದ ಗಾಳಿಯನ್ನೆಲ್ಲ ಹೊರಗಟ್ಟಿದ ಮೇಲೆಯೇ ಬಾಯ್ಲರಿಗೆ ಬಿಡುತ್ತಾರೆ. ಅವರಿಗೆ ಬೇಡವಾದದ್ದೇ ನಮಗೆ ಬೇಕಾದದ್ದು.

ಎಷ್ಟು ಆಮ್ಲಜನಕ ಬೇಕು? ಒಂದು ಮಿಲಿಗ್ರಾಂ ಆಮ್ಲಜನಕ ಸುಮಾರು ಏಳು ಮಿಲಿಗ್ರಾಂ ಕರಗಿದ ಕಬ್ಬಿಣವನ್ನು ಗಸಿಯಾಗಿಸಬಲ್ಲುದು. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಗಾಳಿಯ ಸಂಪರ್ಕವಿರುವ ನೀರು ಲೀಟರಿಗೆ ಸುಮಾರು 8 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಡುತ್ತದೆ. ಅಂದರೆ ಲೀಟರಿಗೆ 5 ಮಿಲಿಗ್ರಾಂ ಕಬ್ಬಿಣವಿರುವ ಕೆಟ್ಟ ನೀರಿಗೂ 1 ಮಿಲಿಗ್ರಾಂಗಿಂತ ಕಡಿಮೆ ಆಮ್ಲಜನಕ ಸಾಕು. ಇದಕ್ಕಾಗಿ ಗಾಳಿ ಊದುವ ಯಂತ್ರವನ್ನು ಖರೀದಿಸಬೇಕೆಂದು ಯಾರಾದರೂ ದರಪಟ್ಟಿ ತಂದರೆ ಏಕೆ ಎಂದು ಕೇಳುವ ಹಕ್ಕು ತಮಗಿದೆ. ತಲಾ ಒಂದು ಅಡಿಯಂತೆ ನಾಲ್ಕೈದು ಮೆಟ್ಟಿಲುಗಳನ್ನು ಕಟ್ಟಿ ನೀರನ್ನು ತೆಳ್ಳಗೆ ಇಳಿಸುವುದು, ಅಥವಾ ರಂಧ್ರವಿರುವ ತಟ್ಟೆಗಳನ್ನು ಒಂದರ ಕೆಳಗೊಂದು ಇರಿಸಿ ಅವುಗಳ ಮೂಲಕ ಸುರಿಸುವುದು ಬಹುತೇಕ ಕಡೆ ಸಾಕಾಗುತ್ತದೆ. ಮೇಲೆ ಮಾಡು, ಸುತ್ತ ಸೊಳ್ಳೆಯೂ ಹಕ್ಕಿಯೂ ನುಸುಳದ ಜಾಲರಿ ಇರಬೇಕು. ಗಾಳಿ ಮಾತ್ರ ಆಡುತ್ತಿರಬೇಕು.

ಆಮ್ಲಜನಕ ಸಾಕಷ್ಟಿದ್ದರೂ ಕಬ್ಬಿಣ ಗಸಿಯಾಗುವ ವೇಗ ಪಿಎಚ್ ಅನ್ನು ಅವಲಂಬಿಸಿದೆ. ಪಿಎಚ್ 7ಕ್ಕಿಂತ ಸಾಕಷ್ಟು ಮೇಲಿದ್ದರೆ ನಿಮಿಷಗಳಲ್ಲಿ ಕೆಲಸವಾಗುತ್ತದೆ. ಒಂದು ಅಂಕ ಇಳಿದರೆ ವೇಗ ಸುಮಾರು ನೂರು ಪಟ್ಟು ಕುಗ್ಗುತ್ತದೆ. ಕರಾವಳಿಯ ಮತ್ತು ಮಲೆನಾಡಿನ ಜಂಬಿಟ್ಟಿಗೆ ಮಣ್ಣಿನ ಪ್ರದೇಶಗಳಲ್ಲಿ ನೀರು ಹುಳಿಯಾಗಿರುವುದು ಸಾಮಾನ್ಯ. ಅಲ್ಲಿ ಮೆಟ್ಟಿಲುಗಳನ್ನಷ್ಟೇ ಕಟ್ಟಿ ಫಲಿತಾಂಶ ಕಾಣದೆ ನಿರಾಶರಾಗುವ ಬದಲು, ಸುಣ್ಣದ ಕಲ್ಲಿನ ಹಾಸಿನ ಮೂಲಕ ನೀರನ್ನು ಹಾಯಿಸಿ ಹುಳಿಯನ್ನು ಮುರಿಯಬೇಕಾಗುತ್ತದೆ. ಹೈಡ್ರೋಜನ್ ಸಲ್ಫೈಡಿನ ವಿಷಯದಲ್ಲಿ ಲೆಕ್ಕ ತಿರುಗುಮುರುಗು. ಪಿಎಚ್ 7ರಲ್ಲಿ ಅದರ ಅರ್ಧದಷ್ಟು ಅನಿಲರೂಪದಲ್ಲಿದ್ದು ಹಾರಿಹೋಗಬಲ್ಲುದು. ಪಿಎಚ್ 8ರಲ್ಲಿ ಹತ್ತನೆಯ ಒಂದು ಭಾಗ ಮಾತ್ರ. ಆದ್ದರಿಂದ ಸುಣ್ಣ ಮೊದಲೋ ಗಾಳಿ ಮೊದಲೋ ಎಂಬುದು ಕಿರಿಯ ಇಂಜಿನಿಯರರನ್ನು ಕೇಳಲೇಬೇಕಾದ ಪ್ರಶ್ನೆ. ವಾಸನೆ ಇದ್ದಲ್ಲಿ ಗಾಳಿಯೇ ಮೊದಲು.

ಇನ್ನು ಗಸಿಯ ವಿಷಯ. ಗಾಳಿಗೆ ಒಡ್ಡಿದ ಮಾತ್ರಕ್ಕೆ ಕಬ್ಬಿಣ ಮಾಯವಾಗುವುದಿಲ್ಲ, ಕಾಣಿಸಿಕೊಳ್ಳುತ್ತದೆ, ಅಷ್ಟೇ. ಅದನ್ನು ತಡೆಯಲು ಮರಳಿನ ಶೋಧಕ ಬೇಕು. ಜಲ್ಲಿಯ ಮೇಲೆ ಎರಡು, ಎರಡೂವರೆ ಅಡಿ ದಪ್ಪ ಮರಳು ಹಾಸಿದ ತೊಟ್ಟಿ ಅದು. ಮೆಟ್ಟಿಲು ಕಟ್ಟಿ ಶೋಧಕವನ್ನು ‘ಮುಂದಿನ ಕ್ರಿಯಾಯೋಜನೆಯಲ್ಲಿ ನೋಡೋಣ’ ಎಂದು ಬಿಟ್ಟರೆ, ಆ ಕೆಂಪು ಗಸಿಯೆಲ್ಲ ಮೇಲ್ಮಟ್ಟದ ತೊಟ್ಟಿಯಲ್ಲಿ ಶೇಖರವಾಗಿ ಒಂದು ದಿನ ಎಲ್ಲರ ಮನೆಯ ನಲ್ಲಿಯಲ್ಲಿ ಒಟ್ಟಿಗೆ ಬರುತ್ತದೆ. ಆಗ ಜನ ಹಿಂದಿನ ನೀರೇ ಮೇಲಾಗಿತ್ತು ಎನ್ನುವರು. ಅವರ ಮಾತಿನಲ್ಲಿ ತಪ್ಪೂ ಇರುವುದಿಲ್ಲ.

ನಾನು ಹೇಳಿದ ಊರಿನಲ್ಲಿ ಕೊನೆಗೆ ಕಟ್ಟಿದ್ದು ಐದು ಮೆಟ್ಟಿಲು, ಒಂದು ತಂಗುತೊಟ್ಟಿ, ಒಂದು ಮರಳು ಶೋಧಕ. ವಾಸನೆ ಮೊದಲ ದಿನವೇ ಹೋಯಿತು. ಕ್ಷೇತ್ರ ಪರೀಕ್ಷಾ ಕಿಟ್‌ನಲ್ಲಿ ಕಬ್ಬಿಣ ಮಿತಿಯೊಳಗೆ ಬಂದಿತು. ಆದರೆ ಮೂರನೆಯ ವಾರಕ್ಕೆ ಶೋಧಕ ಕಟ್ಟಿಕೊಂಡಿತು. ಅದನ್ನು ಹಿಮ್ಮುಖವಾಗಿ ತೊಳೆಯುವ ಕೆಲಸ ಯಾರ ಪಾಲಿನದು ಎಂಬುದನ್ನು ಯಾವ ನಡಾವಳಿಯಲ್ಲಿಯೂ ಬರೆದಿರಲಿಲ್ಲ. ನಂತರ ಪ್ರತಿ ಸೋಮವಾರ ಹಾಗೂ ಗುರುವಾರ ತೊಳೆಯುವುದೆಂದೂ, ತೊಳೆದ ದಿನಾಂಕವನ್ನು ಪಂಪು ಮನೆಯ ಗೋಡೆಯ ಹಲಗೆಯ ಮೇಲೆ ಬರೆಯುವುದೆಂದೂ, ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಯ ಒಬ್ಬ ಸದಸ್ಯೆ ಅದನ್ನು ನೋಡಿ ಸಹಿ ಹಾಕುವುದೆಂದೂ ತೀರ್ಮಾನವಾಯಿತು. ಕಟ್ಟಡಕ್ಕಿಂತ ಆ ಹಲಗೆಯೇ ನೀರನ್ನು ಕಾಪಾಡಿತು ಎಂಬುದು ನನ್ನ ಅಭಿಪ್ರಾಯ. ಮುಚ್ಚಿದ ಆರ್‌ಒ ಘಟಕದ ಹಣ ಮಾತ್ರ ಹಿಂದಿರುಗಲಿಲ್ಲ.

ಕೆಂಪು ನೀರೆಲ್ಲ ಕೊಳವೆಬಾವಿಯದ್ದೇ ಎಂದು ಭಾವಿಸಬಾರದು. ಇಂಗಾಲದ ಡೈಆಕ್ಸೈಡ್ ಹೆಚ್ಚಿರುವ ನೀರು ಹಳೆಯ ಜಿಐ ಕೊಳವೆಯನ್ನು ಒಳಗಿನಿಂದ ತಿನ್ನುತ್ತದೆ. ಪಂಪಿನ ಬಾಯಿಯಲ್ಲಿ ಹಿಡಿದ ನೀರು ಒಂದು ದಿನ ನಿಂತರೂ ತಿಳಿಯಾಗಿದ್ದು, ಊರ ಕೊನೆಯ ನಲ್ಲಿಯಲ್ಲಿ ಮಾತ್ರ ಕೆಂಪಾಗಿ ಬಂದರೆ ದೋಷ ಕೊಳವೆಯಲ್ಲಿದೆ. ಅಲ್ಲಿ ಬೇಕಾದದ್ದು ಕೊಳವೆಯ ಬದಲಾವಣೆ, ಶೋಧಕವಲ್ಲ.

ಕ್ಲೋರಿನ್ ಎಲ್ಲಿ ಹೋಗುತ್ತದೆ

ಗಾಳಿಯಾಡಿಸುವುದರಿಂದ ರೋಗಾಣುಗಳು ಸಾಯುವುದಿಲ್ಲ. ಕ್ಲೋರಿನ್ ಬೇಕೇ ಬೇಕು. ಆದರೆ ಕಬ್ಬಿಣ ಮತ್ತು ಹೈಡ್ರೋಜನ್ ಸಲ್ಫೈಡ್ ಇರುವ ನೀರಿಗೆ ನೇರವಾಗಿ ಕ್ಲೋರಿನ್ ಬೆರೆಸಿದರೆ ಅದು ರೋಗಾಣುಗಳನ್ನು ತಲುಪುವ ಮೊದಲೇ ಇವುಗಳಿಗೆ ಖರ್ಚಾಗುತ್ತದೆ. ಒಂದು ಲೆಕ್ಕವನ್ನು ನೋಡಿ. 50,000 ಲೀಟರ್ ತೊಟ್ಟಿಗೆ ಲೀಟರಿಗೆ 1 ಮಿಲಿಗ್ರಾಂ ಕ್ಲೋರಿನ್ ಸಿಗಬೇಕಾದರೆ 50 ಗ್ರಾಂ ಕ್ಲೋರಿನ್ ಬೇಕು. ಶೇ. 25ರಷ್ಟು ಸತ್ತ್ವ ಉಳಿದಿರುವ ಬ್ಲೀಚಿಂಗ್ ಪುಡಿಯಾದರೆ 200 ಗ್ರಾಂ. ಅದೇ ನೀರಿನಲ್ಲಿ ಲೀಟರಿಗೆ 3 ಮಿಲಿಗ್ರಾಂ ಕರಗಿದ ಕಬ್ಬಿಣವಿದ್ದರೆ, ಆ ಕಬ್ಬಿಣವೊಂದೇ ಸುಮಾರು 380 ಗ್ರಾಂ ಪುಡಿಯನ್ನು ನುಂಗುತ್ತದೆ. ನೀರುಗಂಟಿ ಹಾಕಿದ 200 ಗ್ರಾಂ ಪುಡಿಯಲ್ಲಿ ರೋಗಾಣುಗಳ ಪಾಲಿಗೆ ಏನೂ ಉಳಿಯಲಿಲ್ಲ. ‘ನಿತ್ಯ ಕ್ಲೋರಿನ್ ಹಾಕುತ್ತಿದ್ದೇವೆ’ ಎಂಬ ವಹಿಯ ನಮೂದು ಸತ್ಯವಾಗಿದ್ದೂ ಊರಿನಲ್ಲಿ ಭೇದಿ ಕಾಣಿಸಿಕೊಳ್ಳುವುದಕ್ಕೆ ಇದು ಒಂದು ಕಾರಣ. ಹಾಕಿದ ಪ್ರಮಾಣಕ್ಕಿಂತ ಉಳಿದ ಪ್ರಮಾಣ ಮುಖ್ಯ. ಬೆರೆಸಿದ ಅರ್ಧ ಗಂಟೆಯ ನಂತರ, ಕೊನೆಯ ಮನೆಯ ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ತೆರೆದಿಟ್ಟ ಚೀಲದ ಪುಡಿ ತನ್ನ ಸತ್ತ್ವವನ್ನು ಬೇಗ ಕಳೆದುಕೊಳ್ಳುತ್ತದೆ ಎಂಬುದನ್ನೂ ದಾಸ್ತಾನು ಖರೀದಿಸುವಾಗ ನೆನಪಿಡಬೇಕು.

ಫ್ಲೋರೈಡಿಗೆ ಗಾಳಿ ಉತ್ತರವಲ್ಲ

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಚಿತ್ರದುರ್ಗದಿಂದ ಕೊಪ್ಪಳ, ರಾಯಚೂರಿನವರೆಗೆ ಗ್ರಾನೈಟ್ ಮತ್ತು ನೈಸ್ ಶಿಲೆಗಳ ಬಯಲುಸೀಮೆಯಲ್ಲಿ ಮುಖ್ಯ ದೋಷ ಫ್ಲೋರೈಡ್. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಆದ್ದರಿಂದ ಇದರ ಬಗ್ಗೆ ಗ್ರಾಮಸಭೆಯಲ್ಲಿ ದೂರೂ ಬರುವುದಿಲ್ಲ. ಕೆಂಪು ನೀರಿನ ಊರು ಗಲಾಟೆ ಮಾಡಿ ಯೋಜನೆ ಪಡೆಯುತ್ತದೆ. ಫ್ಲೋರೈಡ್ ನೀರಿನ ಊರು ತಿಳಿ ನೀರು ಕುಡಿದು ಸುಮ್ಮನಿರುತ್ತದೆ. ಭಾರತೀಯ ಮಾನಕ 10500ರ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಸ್ವೀಕಾರಾರ್ಹ. ಬೇರೆ ಮೂಲವಿಲ್ಲದಿದ್ದಾಗ 1.5 ಮಿಲಿಗ್ರಾಂ ಗರಿಷ್ಠ ಮಿತಿ. ಅದನ್ನು ಮೀರಿದ ನೀರನ್ನು ಎಳೆಯ ವಯಸ್ಸಿನಲ್ಲಿ, ಶಾಶ್ವತ ಹಲ್ಲುಗಳು ರೂಪುಗೊಳ್ಳುವ ಕಾಲದಲ್ಲಿ ಕುಡಿದ ಮಕ್ಕಳ ಹಲ್ಲುಗಳ ಮೇಲೆ ಕಂದು ಪಟ್ಟೆಗಳು ಮೂಡುತ್ತವೆ. ಅವು ಮತ್ತೆ ಅಳಿಯುವುದಿಲ್ಲ. ಪ್ರಮಾಣ ಹೆಚ್ಚಿದ್ದು ವರ್ಷಗಟ್ಟಲೆ ಕುಡಿದರೆ ಮೂಳೆ, ಕೀಲುಗಳು ಬಿಗಿಯುತ್ತವೆ.

ನೀರನ್ನು ಕುದಿಸಿ ಕುಡಿಯಿರಿ ಎಂಬ ಸಲಹೆ ರೋಗಾಣುಗಳ ಮಟ್ಟಿಗೆ ಸರಿ. ಕುದಿಸಿದರೆ ಕರಗಿದ ಅನಿಲಗಳೂ ಹೋಗುತ್ತವೆ, ಗಡಸುತನದ ಒಂದು ಭಾಗ ಪಾತ್ರೆಯ ತಳದಲ್ಲಿ ಬಿಳಿಯ ಹೆಕ್ಕಳೆಯಾಗಿ ಕೂರುತ್ತದೆ. ಆದರೆ ಫ್ಲೋರೈಡ್ ಮತ್ತು ನೈಟ್ರೇಟ್ ಕದಲುವುದಿಲ್ಲ. ಆವಿಯಾಗಿ ಹೋಗುವುದು ನೀರು ಮಾತ್ರ. ಎರಡು ಲೀಟರ್ ನೀರು ಕುದಿದು ಒಂದು ಲೀಟರಾದರೆ ನೈಟ್ರೇಟಿನ ಸಾಂದ್ರತೆ ಎರಡರಷ್ಟಾಗುತ್ತದೆ, ಫ್ಲೋರೈಡಿನದೂ ಹೆಚ್ಚುಕಡಿಮೆ ಹಾಗೆಯೇ. ತಿಪ್ಪೆ ಮತ್ತು ಶೌಚಗುಂಡಿಗಳ ಪಕ್ಕದ ಕೊಳವೆಬಾವಿಯ ನೀರಿನಲ್ಲಿ ನೈಟ್ರೇಟ್ 45 ಮಿಲಿಗ್ರಾಂ ಮೀರಿದ್ದರೆ, ಅದನ್ನು ಚೆನ್ನಾಗಿ ಕುದಿಸಿ ಹಸುಗೂಸಿಗೆ ಕುಡಿಸುವ ತಾಯಿ ಮಗುವಿಗೆ ಅರಿಯದೆ ಕೇಡು ಮಾಡುತ್ತಾಳೆ. ಅಂಗನವಾಡಿ ಕಾರ್ಯಕರ್ತೆಯರಿಗೆ ಇದನ್ನು ತಿಳಿಸುವುದು ತಮ್ಮ ಕರ್ತವ್ಯಗಳಲ್ಲಿ ಒಂದೆಂದು ನಾನು ಭಾವಿಸುತ್ತೇನೆ.

ಫ್ಲೋರೈಡ್ ತೆಗೆಯಲು ನಾಗಪುರದ ರಾಷ್ಟ್ರೀಯ ಪರಿಸರ ಇಂಜಿನಿಯರಿಂಗ್ ಸಂಶೋಧನಾ ಸಂಸ್ಥೆ ರೂಪಿಸಿದ ನಲ್ಗೊಂಡ ವಿಧಾನವಿದೆ. ಆಲಂ ಮತ್ತು ಸುಣ್ಣವನ್ನು ಲೆಕ್ಕಹಾಕಿ ಬೆರೆಸಿ, ಕಲಕಿ, ಗಸಿ ಇಳಿದ ಮೇಲೆ ನೀರನ್ನು ಬಸಿದುಕೊಳ್ಳುವುದು ಅದರ ಕ್ರಮ. ಆಲಂ ಪ್ರಮಾಣ ತಪ್ಪಿದರೆ ನೀರಿನಲ್ಲಿ ಅಲ್ಯೂಮಿನಿಯಂ ಉಳಿಯುತ್ತದೆ. ನಿತ್ಯದ ಶ್ರದ್ಧೆ ಬೇಡುವ ವಿಧಾನವಿದು. ಸಕ್ರಿಯ ಅಲ್ಯೂಮಿನಾ ಹರಳುಗಳ ಹಾಸು ಇನ್ನೊಂದು; ಅದು ತುಂಬಿದಾಗ ಪುನಶ್ಚೇತನಗೊಳಿಸದಿದ್ದರೆ ಹೆಸರಿಗೆ ಮಾತ್ರ ಶೋಧಕ. ಮೂರನೆಯದು ಆರ್‌ಒ. ಇಲ್ಲಿ ಅದು ನಿಜಕ್ಕೂ ಸಲ್ಲುವ ಯಂತ್ರ. ಆದರೆ ಫ್ಲೋರೈಡ್ ಎಲ್ಲಿಯೂ ನಾಶವಾಗುವುದಿಲ್ಲ. ಲೀಟರಿಗೆ 3 ಮಿಲಿಗ್ರಾಂ ಇದ್ದ ನೀರಿನಲ್ಲಿ ಅರ್ಧ ಶುದ್ಧವಾಗಿ, ಅರ್ಧ ತ್ಯಾಜ್ಯವಾಗಿ ಹೊರಬಂದರೆ ಆ ತ್ಯಾಜ್ಯದಲ್ಲಿ ಹೆಚ್ಚುಕಡಿಮೆ 6 ಮಿಲಿಗ್ರಾಂ ಇರುತ್ತದೆ. ಅದನ್ನು ಕೊಳವೆಬಾವಿಯ ಇಂಗುಗುಂಡಿಗೆ ಬಿಡುವುದನ್ನು ನಾನು ಕಂಡಿದ್ದೇನೆ. ಹಾಗೆ ಮಾಡಿದರೆ ಅದೇ ಫ್ಲೋರೈಡನ್ನು ಮತ್ತೆ ಮೇಲೆತ್ತಿ ಶುದ್ಧೀಕರಿಸಲು ವಿದ್ಯುತ್ ಬಿಲ್ ಕಟ್ಟಿದಂತೆ. ಶೌಚಾಲಯ ತೊಳೆಯಲು ಬಳಸುವುದು ಮೇಲು; ದನಗಳ ಕುಡಿಯುವ ತೊಟ್ಟಿಗೆ ಬಿಡಲೇಬಾರದು. ಆರ್‌ಒ ನೀರಿನಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ ಎಂಬುದೂ ಗಮನದಲ್ಲಿರಲಿ. ಪೊರೆಗೆ ಹಾನಿಯಾಗದಂತೆ ಅದನ್ನು ಮೊದಲೇ ಇದ್ದಿಲಿನ ಶೋಧಕದಲ್ಲಿ ತೆಗೆದಿರುತ್ತಾರೆ. ತೊಳೆಯದ ಕ್ಯಾನಿನಲ್ಲಿ ಆ ನೀರನ್ನು ನಾಲ್ಕು ದಿನ ಇಟ್ಟು ಕುಡಿದರೆ ಶುದ್ಧತೆ ಕ್ಯಾನಿನ ಶುದ್ಧತೆಯಷ್ಟೇ.

ಯಂತ್ರಕ್ಕೆ ಮೊದಲು ಒಂದು ಸರಳ ಲೆಕ್ಕವನ್ನು ಹಾಕಿ ನೋಡಬೇಕು. ಒಂದು ಕೊಳವೆಬಾವಿಯಲ್ಲಿ ಫ್ಲೋರೈಡ್ 2.2, ಅದೇ ಊರಿನ ಇನ್ನೊಂದರಲ್ಲಿ 0.4 ಇದ್ದರೆ ಎರಡನ್ನೂ ಸಮಪಾಲು ಬೆರೆಸಿದಾಗ 1.3 ಆಗುತ್ತದೆ, ಗರಿಷ್ಠ ಮಿತಿಯೊಳಗೆ ಬಂದಿತು. ಮೊದಲನೆಯದರ ಪಾಲನ್ನು ಮೂರನೆಯ ಒಂದಕ್ಕೆ ಇಳಿಸಿದರೆ 1.0 ಆಗುತ್ತದೆ. ಇದಕ್ಕೆ ಬೇಕಾದದ್ದು ಒಂದು ಜೋಡಣೆ ಕೊಳವೆ ಮತ್ತು ಎರಡು ವಾಲ್ವುಗಳು. ಮಳೆನೀರಿನಲ್ಲಿ ಫ್ಲೋರೈಡ್ ಇಲ್ಲವೆಂದೇ ಹೇಳಬಹುದು. ಶಾಲೆಯ ಮಾಡಿನ ಮಳೆನೀರು ಸಂಗ್ರಹ ಬಿಸಿಯೂಟದ ಅಡುಗೆಗೂ ಮಕ್ಕಳ ಕುಡಿಯುವ ನೀರಿಗೂ ಆಗುತ್ತದೆ. ನದಿ ಮೂಲದ ಬಹುಗ್ರಾಮ ಯೋಜನೆಯ ಸಂಪರ್ಕ ದೊರೆಯುವ ಕಡೆ ಅದನ್ನು ಬಿಟ್ಟು ಕೊಳವೆಬಾವಿಗೆ ಅಂಟಿಕೊಳ್ಳುವುದು ಜಾಣತನವಲ್ಲ.

ತೊಟ್ಟಿಯೊಳಗೆ ಇಳಿಯುವವರ ಬಗ್ಗೆ

ನೀರಿನಿಂದ ಹೊರಬಂದ ಅನಿಲ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಯಾರೂ ಕೇಳುವುದಿಲ್ಲ. ಹೈಡ್ರೋಜನ್ ಸಲ್ಫೈಡ್ ಮತ್ತು ಇಂಗಾಲದ ಡೈಆಕ್ಸೈಡ್ ಎರಡೂ ಗಾಳಿಗಿಂತ ಭಾರ. ಮುಚ್ಚಿದ ನೆಲತೊಟ್ಟಿಯಲ್ಲಿ, ಬಹುಕಾಲ ಬಳಸದ ಬಾವಿಯಲ್ಲಿ ಅವು ತಳದಲ್ಲಿ ನಿಲ್ಲುತ್ತವೆ. ಹೈಡ್ರೋಜನ್ ಸಲ್ಫೈಡ್ ಸ್ವಲ್ಪವಿದ್ದಾಗ ವಾಸನೆ ಬರುತ್ತದೆ. ಹೆಚ್ಚಾದಾಗ ಅದು ಮೂಗಿನ ಶಕ್ತಿಯನ್ನೇ ಕುಂದಿಸುವುದರಿಂದ ವಾಸನೆ ನಿಂತಂತೆ ಅನ್ನಿಸುತ್ತದೆ. ವಾಸನೆ ಹೋಯಿತೆಂದು ಇಳಿದವನು ಮೇಲೆ ಬರುವುದಿಲ್ಲ. ಅವನನ್ನು ಎತ್ತಲು ಇಳಿದವನೂ ಬರುವುದಿಲ್ಲ. ದೀಪ ಇಳಿಸಿ ನೋಡುವ ಹಳೆಯ ರೂಢಿ ಆಮ್ಲಜನಕದ ಕೊರತೆಯನ್ನು ತೋರಿಸೀತು, ವಿಷಾನಿಲವನ್ನು ತೋರಿಸದು; ಉರಿಯುವ ಅನಿಲವಿದ್ದರೆ ದೀಪವೇ ಅಪಾಯ. ತೊಟ್ಟಿ ಸ್ವಚ್ಛತೆಯ ಕೆಲಸಕ್ಕೆ ಕೂಲಿ ಮಂಜೂರು ಮಾಡುವಾಗ, ಮುಚ್ಚಳಗಳನ್ನೆಲ್ಲ ತೆರೆದು ಸಾಕಷ್ಟು ಹೊತ್ತು ಗಾಳಿ ಊದುವುದು, ಅನಿಲ ಅಳೆಯುವ ಉಪಕರಣದಿಂದ ಪರೀಕ್ಷಿಸುವುದು, ಇಳಿಯುವವನ ಸೊಂಟಕ್ಕೆ ಹಗ್ಗ ಕಟ್ಟಿ ಮೇಲೆ ಇಬ್ಬರು ನಿಲ್ಲುವುದು, ಇಷ್ಟಕ್ಕೂ ಅಂದಾಜಿನಲ್ಲಿಯೇ ಹಣ ತೋರಿಸಬೇಕು. ಪರೀಕ್ಷಿಸುವ ಉಪಕರಣ ಇಲ್ಲವಾದರೆ ಒಳಗೆ ಯಾರನ್ನೂ ಇಳಿಸದೆ ಹೊರಗಿನಿಂದಲೇ ಪಂಪಿನಿಂದ ಬಳಿಯಿಸಬೇಕು.

ಮಾದರಿ ಬಾಟಲಿ

ಕೊನೆಯದಾಗಿ, ಎಲ್ಲಕ್ಕೂ ಮೊದಲು ಆಗಬೇಕಾದ ಕೆಲಸದ ಬಗ್ಗೆ. ರಾಸಾಯನಿಕ ಪರೀಕ್ಷೆ ವರ್ಷಕ್ಕೊಮ್ಮೆ, ರೋಗಾಣು ಪರೀಕ್ಷೆ ಮಳೆಗಾಲದ ಮೊದಲು ಮತ್ತು ನಂತರ ಎರಡು ಬಾರಿ ಆಗಬೇಕು. ಜಲ ಜೀವನ್ ಮಿಷನ್ ಅಡಿಯಲ್ಲಿ ಪ್ರತಿ ಗ್ರಾಮದ ಐವರು ಮಹಿಳೆಯರಿಗೆ ಕ್ಷೇತ್ರ ಪರೀಕ್ಷಾ ಕಿಟ್ ಬಳಕೆಯ ತರಬೇತಿ ನೀಡುವ ವ್ಯವಸ್ಥೆ ಇದೆ. ತಮ್ಮ ಊರಿನ ಆ ಐವರು ಯಾರೆಂದು ತಮಗೆ ಗೊತ್ತಿರಬೇಕು.

ಆದರೆ ಪ್ರಯೋಗಾಲಯದ ವರದಿಯೂ ಅರ್ಧ ಸತ್ಯ ಹೇಳಬಹುದು. ವಾಸನೆಯ ಅನಿಲ ಬಾಟಲಿಯಲ್ಲಿ ನಿಲ್ಲುವುದಿಲ್ಲ. ತಾಲ್ಲೂಕು ಕೇಂದ್ರ ತಲುಪುವ ಹೊತ್ತಿಗೆ ಅದು ಹೋಗಿರುತ್ತದೆ. ಅರ್ಧ ತುಂಬಿದ ಬಾಟಲಿಯಲ್ಲಿ ಕಬ್ಬಿಣ ಗಸಿಯಾಗಿ ಗೋಡೆಗೆ ಅಂಟುತ್ತದೆ, ಮೇಲಿನ ತಿಳಿ ನೀರನ್ನು ಅಳೆದರೆ ಕಡಿಮೆ ತೋರುತ್ತದೆ. ಪಿಎಚ್ ಕೂಡ ದಾರಿಯಲ್ಲಿಯೇ ಏರುತ್ತದೆ. ಆದ್ದರಿಂದ ಮಾದರಿ ತೆಗೆಯುವಾಗ ಪಂಪನ್ನು ಕನಿಷ್ಠ ಹತ್ತು ನಿಮಿಷ ಓಡಿಸಿದ ನಂತರ, ಗಾಳಿಗೆ ಎಡೆಯಿಲ್ಲದಂತೆ ಕಂಠದವರೆಗೆ ತುಂಬಿ ಮುಚ್ಚಬೇಕು. ಕಬ್ಬಿಣದ ಪರೀಕ್ಷೆಗೆ ಪ್ರಯೋಗಾಲಯದವರು ಆಮ್ಲದ ಹನಿ ಹಾಕಿ ಕೊಡುವ ಪ್ರತ್ಯೇಕ ಬಾಟಲಿಯನ್ನು ಕೇಳಿ ಪಡೆಯಬೇಕು. ಅದರಿಂದ ನೀರು ಉಕ್ಕಿ ಹೊರಚೆಲ್ಲಬಾರದು. ಪಿಎಚ್ ಅನ್ನು ಬಾವಿಯ ಬಳಿಯೇ ಕಿಟ್‌ನಿಂದ ನೋಡಬೇಕು. ಬಾಟಲಿಯ ಚೀಟಿಯ ಮೇಲೆ ಕೊಳವೆಬಾವಿಯ ಸಂಖ್ಯೆ, ದಿನಾಂಕ, ವೇಳೆಯ ಜೊತೆಗೆ ಇನ್ನೆರಡು ಸಾಲು ಬರೆಯಿಸಿರಿ: ‘ಹಿಡಿದಾಗ ವಾಸನೆ ಇತ್ತು ಅಥವಾ ಇರಲಿಲ್ಲ, ಹಿಡಿದಾಗ ತಿಳಿ, ಒಂದು ಗಂಟೆಯ ನಂತರ ಇಂಥ ಬಣ್ಣ.’ ಘಟಕದ ಪ್ರಸ್ತಾವ ಸಭೆಯ ಮುಂದೆ ಬಂದ ದಿನ, ಅಂದಾಜು ಪಟ್ಟಿಯ ಪುಟ ತಿರುವುವ ಮೊದಲು ಆ ಚೀಟಿಯ ಪ್ರತಿಯನ್ನೂ ವರದಿಯನ್ನೂ ತೋರಿಸುವಂತೆ ನನ್ನಂತಹ ಅಭಿವೃದ್ಧಿ ಅಧಿಕಾರಿಯನ್ನು ಕೇಳಿರಿ.